ಫೈರ್‌ವಾಲ್ ಆಮೇಲೆ ಕೊಳ್ಳುವ, ಮೊದಲು ಆ ಡಬ್ಬಿಯ ಪಾಸ್‌ವರ್ಡ್ ಬದಲಾಯಿಸಿ ಮಾರಾಯ್ರೆ

“ಮನೆ ಕಂಪ್ಯೂಟರಿಗೆ ಯಾವ ಫೈರ್‌ವಾಲ್ ಹಾಕಿದ್ರೆ ಒಳ್ಳೇದು?”

ಈ ಪ್ರಶ್ನೆ ಕೇಳಿ ಕೇಳಿ ಸಾಕಾಯ್ತು. ಪುತ್ತೂರು ಪೇಟೆಯಲ್ಲಿ ಸಿಕ್ಕವರು ಕೇಳುತ್ತಾರೆ, ಸುಳ್ಯದ ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ, ಕಡಬದಿಂದ ಫೋನು ಮಾಡಿ ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ನನಗೆ ಸಿಟ್ಟು ಬರುವುದು ಅವರಿಗೆ ಸಿಗುವ ಉತ್ತರದ ಮೇಲೆ. ಅಂಗಡಿಯವ ಒಂದು ಪೆಟ್ಟಿಗೆ ಎತ್ತಿ ತೋರಿಸುತ್ತಾನೆ, “ಟೋಟಲ್ ಸೆಕ್ಯುರಿಟಿ ಅಣ್ಣ, ಮೂರು ವರ್ಷದ್ದು ತೆಗೊಂಡ್ರೆ ಲಾಭ”. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ಅದನ್ನೇ ಆನ್‌ಲೈನಿನಲ್ಲಿ ಕೊಂಡು, ದೂರದಿಂದಲೇ ಅಪ್ಪನ ಕಂಪ್ಯೂಟರಿಗೆ ಹಾಕಿ, ಪಿತೃಋಣದ ಒಂದು ಕಂತು ತೀರಿತು ಅಂತ ನೆಮ್ಮದಿಯಾಗಿರುತ್ತಾನೆ.

ಈ ಬರಹ ಅಂಗಡಿಯವನಿಗಲ್ಲ, ಅಪ್ಪನಿಗೂ ಅಲ್ಲ. ಆ ಮಗನಿಗೆ. ಅಂದರೆ ಕನ್ನಡದಲ್ಲಿ ಬ್ಲಾಗು ಬರೆಯುವ ನಮ್ಮ ಬಳಗದ ಅರ್ಧಕ್ಕರ್ಧ ಜನಕ್ಕೆ :-)

ನಾನು ಹೇಳುವುದು ಇಷ್ಟೆ. ನಮ್ಮ ಮೂರು ತಾಲೂಕಿನ ಮನೆಗಳಲ್ಲಿ ಫೈರ್‌ವಾಲ್ ಇಲ್ಲ ಅನ್ನುವುದು ಸಮಸ್ಯೆಯೇ ಅಲ್ಲ. ಒಂದಲ್ಲ, ಎರಡು ಉಂಟು. ಒಂದು ವಿಂಡೋಸ್ ಒಳಗೆ, ಇನ್ನೊಂದು ಚಾವಡಿಯ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ ಇಂಟರ್‌ನೆಟ್ ಡಬ್ಬಿಯ ಒಳಗೆ. ಎರಡಕ್ಕೂ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ಮೂರನೆಯದನ್ನು ಕೊಳ್ಳುವ ಉಮೇದಿನಲ್ಲಿ ಎರಡನೆಯದರ ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟಿದ್ದೀರಿ.

ಪ್ರಶ್ನೆಗೆ ಒಂದು ಕಾಲದಲ್ಲಿ ಅರ್ಥ ಇತ್ತು, ಒಪ್ಪುತ್ತೇನೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಅದನ್ನು ಆಫ್ ಮಾಡಿಯೇ ಕೊಡುತ್ತಿದ್ದರು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳ ಬಂತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಇಂಟರ್‌ನೆಟ್ಟಿಗೆ ಸಿಕ್ಕಿಸಿದರೆ ಸಾಕು, 135ನೇ ಪೋರ್ಟಿನಿಂದ ಒಳನುಗ್ಗಿ, ಇನ್ನು 60 ಸೆಕೆಂಡಿನಲ್ಲಿ ಕಂಪ್ಯೂಟರ್ ನಿಲ್ಲುತ್ತದೆ ಅಂತ ಒಂದು ಕಿಟಕಿ ಬರುವ ಹಾಗೆ ಮಾಡುತ್ತಿತ್ತು. ಮರುವರ್ಷ ಸಾಸರ್ ಬಂತು, ಅದರ ದಾರಿ 445. ಆಗ ಝೋನ್‌ಅಲಾರ್ಮ್, ಸೈಗೇಟ್, ಕೆರಿಯೋ ಇವುಗಳಲ್ಲಿ ಯಾವುದು ಮೇಲು ಅಂತ ಜಗಳ ಆಡುವುದರಲ್ಲಿ ಹುರುಳಿತ್ತು. 2004ರ ಆಗಸ್ಟಿನಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬಂತು ನೋಡಿ, ಅಲ್ಲಿಂದ ವಿಂಡೋಸಿನ ಫೈರ್‌ವಾಲ್ ತಾನಾಗಿ ಆನ್. ಹೊರಗಿನವ ಕರೆಯದೆ ಒಳಗೆ ಬರುವುದನ್ನು ತಡೆಯುವ ಕೆಲಸಕ್ಕೆ ಮನೆಯ ಮಟ್ಟಿಗೆ ಬೇರೆ ಸಾಮಾನು ಬೇಡ ಅಂತ ಆಗಿ ಇಪ್ಪತ್ತು ವರ್ಷ ದಾಟಿತು. ಜಗಳ ಮಾತ್ರ ಇನ್ನೂ ಹಾಗೇ ಉಂಟು.

“ಆದ್ರೆ ವಿಂಡೋಸ್‌ದು ಒಳಗಿಂದ ಹೊರಗೆ ಹೋಗುವುದನ್ನು ತಡೆಯುವುದಿಲ್ಲ” ಅಂತ ಒಬ್ಬ ಜಾಣ ಈಗಲೇ ಕಮೆಂಟು ಬರೆಯಲು ಶುರು ಮಾಡಿರುತ್ತಾನೆ. ಬರೀ ಮಾರಾಯ. ಝೋನ್‌ಅಲಾರ್ಮ್ ಕಾಲದಲ್ಲಿ ಐದು ನಿಮಿಷಕ್ಕೊಮ್ಮೆ ಒಂದು ಪೆಟ್ಟಿಗೆ ಎದ್ದು “ಎಸ್‌ವಿಸಿಹೋಸ್ಟ್ ಹೊರಗೆ ಹೋಗಬೇಕಂತೆ, ಬಿಡಲೋ ಬೇಡವೋ” ಅಂತ ಕೇಳುತ್ತಿತ್ತು. ಜಗತ್ತಿನಲ್ಲಿ ಯಾವ ಅಪ್ಪ ಅದಕ್ಕೆ ಬೇಡ ಅಂದಿದ್ದಾನೆ? ಮೂರು ಸಲ ಓದಿ ನಾಲ್ಕನೇ ಸಲದಿಂದ ಎಲ್ಲದಕ್ಕೂ ಹೂಂ. ಬಂದವರಿಗೆಲ್ಲ ಗೇಟು ತೆಗೆಯುವ ವಾಚ್‌ಮನ್‌ಗೆ ವರ್ಷಾವರ್ಷ ಸಂಬಳ ಯಾಕೆ?

ಆ ಸಂಬಳ ತೆಗೆದುಕೊಂಡವರು ಎಲ್ಲರೂ ನಿಯತ್ತಿನವರು ಅಂತಲೂ ಇಲ್ಲ. ಅವಾಸ್ಟ್ ಗೊತ್ತುಂಟಲ್ಲ, ಉಚಿತ ಅಂತ ನಾವೆಲ್ಲ ಮನೆಮನೆಗೆ ಹಂಚಿದ್ದು. ಅದು ಜನ ಯಾವ ಯಾವ ಜಾಲತಾಣ ನೋಡುತ್ತಾರೆ ಎಂಬ ಲೆಕ್ಕವನ್ನು ತನ್ನದೇ ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರವರಿಯಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಕಾವಲಿಗೆ ಇಟ್ಟವನೇ ಮನೆಯ ಸುದ್ದಿ ಮಾರಿದ ಹಾಗಾಯ್ತು. ಎಲ್ಲ ಕಂಪನಿಗಳೂ ಹಾಗಲ್ಲ, ಆಂಟಿವೈರಸ್ಸೇ ಬೇಡ ಅಂತಲೂ ನಾನು ಹೇಳುತ್ತಿಲ್ಲ. ‘ಟೋಟಲ್’ ಅನ್ನುವ ಶಬ್ದಕ್ಕೆ ಮಾತ್ರ ನನ್ನ ತಕರಾರು.

ಈಗ ಗೋಡೆಯ ಮೇಲಿನ ಡಬ್ಬಿಗೆ ಬರುವ.

2017ರ ಜುಲೈ ಕೊನೆಯ ವಾರ ನೆನಪುಂಟಾ? ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ ಬ್ರಾಡ್‌ಬ್ಯಾಂಡ್ ಹಲವು ರಾಜ್ಯಗಳಲ್ಲಿ ಒಟ್ಟೊಟ್ಟಿಗೆ ಮಲಗಿತು. 60 ಸಾವಿರಕ್ಕೂ ಹೆಚ್ಚು ಮೋಡೆಮ್‌ಗಳು ಸತ್ತವು ಅಂತ ಆಗ ವರದಿಯಾಗಿತ್ತು. ಬ್ರಿಕರ್‌ಬಾಟ್ ಎಂಬ ಕಿಡಿಗೇಡಿ ತಂತ್ರಾಂಶದ ಕರ್ತೃ, ಅದು ನನ್ನದೇ ಕೆಲಸ ಅಂತ ಹೇಳಿಕೊಂಡ. ಅದು ಒಳಗೆ ಹೋದದ್ದು ಯಾವ ಮಾಯದಿಂದ? ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಜೊತೆಗೆ ಕಂಪನಿಯವರು ದೂರದಿಂದ ಮೋಡೆಮ್ ರಿಪೇರಿ ಮಾಡಲು ಇಟ್ಟುಕೊಳ್ಳುವ 7547ನೇ ಪೋರ್ಟು ಊರಿಗೆಲ್ಲ ತೆರೆದಿತ್ತು. ದಯಮಾಡಿ ಡಿಫಾಲ್ಟ್ ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಅಂತ ಬಿಎಸ್‌ಎನ್‌ಎಲ್ ಗ್ರಾಹಕರನ್ನು ಕೇಳಿಕೊಂಡಿತು. ಆ ದಿನ ಯಾವ ಮನೆಯಲ್ಲಿ ಎಷ್ಟು ಸಾವಿರದ ಟೋಟಲ್ ಸೆಕ್ಯುರಿಟಿ ಇತ್ತು ಎಂಬುದರಿಂದ ಒಂದು ಕೂದಲಿನಷ್ಟೂ ವ್ಯತ್ಯಾಸ ಆಗಲಿಲ್ಲ. ಅದು ಕಂಪ್ಯೂಟರಿನೊಳಗೆ ಕೂತಿತ್ತು, ಹೊಡೆತ ಬಿದ್ದದ್ದು ಗೋಡೆಯ ಮೇಲೆ.

ಕೇಳಿಕೊಂಡ ಮೇಲೆ ಬದಲಾಯಿತಾ? ನಮ್ಮ ಕಡೆ ಇದಕ್ಕೊಂದು ವಿಶೇಷ ಅಡ್ಡಿ ಉಂಟು, ಬಯಲುಸೀಮೆಯವರಿಗೆ ಅರ್ಥ ಆಗುವುದು ಕಷ್ಟ. ಸಿಡಿಲು! ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆ ಕಪ್ಪಾದರೆ ನಮ್ಮ ಅಮ್ಮಂದಿರ ಮೊದಲ ಕೆಲಸ ಅಂಗಳದ ಅಡಿಕೆಗೆ ಟರ್ಪಾಲು ಹಾಕುವುದು, ಎರಡನೆಯದು ಡಬ್ಬಿಯ ವಯರು ಎಳೆಯುವುದು. ಎಳೆಯಲು ಮರೆತ ದಿನ ಡಬ್ಬಿ ಹೋಯ್ತು. ತಾಮ್ರದ ತಂತಿಯ ಕಾಲದಲ್ಲಿ ಫೋನ್ ಲೈನಿನಿಂದಲೂ ಬರುತ್ತಿತ್ತು. ಈಗ ಫೈಬರ್, ಗಾಜಿನ ಎಳೆಯಲ್ಲಿ ಮಿಂಚು ಹರಿಯುವುದಿಲ್ಲ ನಿಜ, ಕರೆಂಟಿನ ಅಡಾಪ್ಟರ್ ಉಂಟಲ್ಲ, ಅದರಲ್ಲಿ ಬರುತ್ತದೆ. ಮರುದಿನ ಹುಡುಗ ಬಂದು ಬೇರೆ ಡಬ್ಬಿ ಸಿಕ್ಕಿಸಿ ಹೋಗುತ್ತಾನೆ. ಹೊಸ ಡಬ್ಬಿ ಅಂದರೆ ಕಾರ್ಖಾನೆಯ ಪಾಸ್‌ವರ್ಡು. ನೀವು ದೀಪಾವಳಿಗೆ ಬಂದಾಗ ಕೂತು ಮಾಡಿಟ್ಟ ಭದ್ರತೆಯೆಲ್ಲ ಮೇ ತಿಂಗಳ ಒಂದು ಗುಡುಗಿಗೆ ಸೊನ್ನೆ. ವೈಫೈ ಹೆಸರು ಮಾತ್ರ ಹಳೆಯದನ್ನೇ ಇಟ್ಟಿರುತ್ತಾನೆ ಪುಣ್ಯಾತ್ಮ, ಹಾಗಾಗಿ ಡಬ್ಬಿ ಬದಲಾದದ್ದೇ ನಿಮಗೆ ಗೊತ್ತಾಗುವುದಿಲ್ಲ. ಸಿಡಿಲೂ ಬೇಡ, ನೆಟ್ಟು ಹೋದಾಗ “ಹಿಂದೆ ಒಂದು ಸಣ್ಣ ತೂತು ಉಂಟು, ಸೂಜಿ ಹಾಕಿ ಹತ್ತು ಸೆಕೆಂಡ್ ಒತ್ತಿ” ಅಂತ ಫೋನಿನಲ್ಲಿ ಹೇಳುವವರು ಇದ್ದಾರಲ್ಲ, ಅಷ್ಟು ಸಾಕು.

ಆ ಹುಡುಗನನ್ನು ಬೈಯುವುದು ನನ್ನ ಉದ್ದೇಶವಲ್ಲ. ಒಂದು ದಿನಕ್ಕೆ ಎಷ್ಟು ಗುಡ್ಡ ಹತ್ತಿ ಇಳಿಯುತ್ತಾನೋ ಅವನಿಗೇ ಗೊತ್ತು. ಜನರಿಗೂ ಬೇಕಾದ್ದು ನೆಟ್ಟು ಬರುವುದು, ಅಷ್ಟೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಫೋಟೋ ದೇಶವೆಲ್ಲ ಓಡಾಡಿತ್ತು. ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಕ್ಲಾಸು ಕೇಳುವ ಮಗಳು, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಅಷ್ಟು ಹಸಿದಿದ್ದ ಊರಿಗೆ ಫೈಬರ್ ಬಂದಾಗ “ಇದರ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಉಂಟಾ?” ಅಂತ ಯಾರು ಕೇಳಬೇಕಿತ್ತು? ಕೇಳಬೇಕಾದ್ದು ಕೇಳಲು ಗೊತ್ತಿದ್ದವ. ಅವ ಬೆಂಗಳೂರಲ್ಲಿದ್ದ.

ಬೆಂಗಳೂರಲ್ಲಿದ್ದು ಅವ ಮಾಡಿದ್ದೇನು? ಕ್ಯಾಮೆರಾ ಹಾಕಿಸಿದ.

ಇಲ್ಲಿಗೆ ನನ್ನ ನಿಜವಾದ ಜಗಳ ಶುರು. ಅಡಿಕೆ, ಕಾಳುಮೆಣಸಿಗೆ ಕಳ್ಳರ ಭಯ ಇರುವುದು ಹೌದು. ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವುದೂ ಹೌದು. ಕ್ಯಾಮೆರಾ ಬೇಡ ಅನ್ನಲು ನಾನ್ಯಾರು? ಆದರೆ ಅಂಗಳಕ್ಕೆ ಎರಡು, ಗೇಟಿಗೆ ಒಂದು, ಚಾವಡಿಗೆ ಒಂದು ಕ್ಯಾಮೆರಾ ಇಟ್ಟು, ಅದನ್ನು ಬೆಂಗಳೂರಿನ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡಬೇಕು ಅಂತ ಹಟ ಹಿಡಿದಾಗ, ಹಾಕುವವ ಏನು ಮಾಡುತ್ತಾನೆ? ಸುಲಭದ ದಾರಿ, ಡಬ್ಬಿಯ ಫೈರ್‌ವಾಲಿನಲ್ಲಿ ಒಂದು ತೂತು ಕೊರೆಯುವುದು. ಪೋರ್ಟ್ ಫಾರ್ವರ್ಡಿಂಗ್ ಅಂತ ಅದರ ಹೆಸರು. ಅದೂ ಕೆಲಸ ಮಾಡದಿದ್ದರೆ ಡಿಎಂಜಡ್ ಅಂತ ಒಂದು ಗುಂಡಿ ಉಂಟು, ಒತ್ತಿದರೆ ಹೊರಗಿನಿಂದ ಬಂದದ್ದೆಲ್ಲ ಸೀದಾ ಕ್ಯಾಮೆರಾದ ಡಿವಿಆರ್‌ಗೆ. ತೋಟದ ಸುತ್ತ ಅಗಳು ತೋಡಿ, ಬೇಲಿ ಕಟ್ಟಿ, ಮಗನ ಕಾರು ಬರಲಿಕ್ಕೆ ಅಂತ ಹತ್ತು ಅಡಿ ಬೇಲಿಯನ್ನೇ ಕಿತ್ತು ಹಾಕಿದ ಹಾಗೆ. ಮಗ ಬರುವುದು ವರ್ಷಕ್ಕೆ ಎರಡು ಸಲ, ಹಂದಿ ದಿನಾ ಬರುತ್ತದೆ.

ಡಿವಿಆರ್‌ನ ಪಾಸ್‌ವರ್ಡ್? ಅಡ್ಮಿನ್ ಒಂದು ಎರಡು ಮೂರು. ಅಥವಾ ಮನೆಯ ಲ್ಯಾಂಡ್‌ಲೈನ್ ನಂಬರು.

2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟಿನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಟೆಲಿಗ್ರಾಮಿನಲ್ಲಿ ಮಾರಾಟಕ್ಕಿದ್ದದ್ದು ಹೊರಗೆ ಬಂತು. ಓದಿ ಛೆ ಛೆ ಅಂದವರಲ್ಲಿ ಎಷ್ಟು ಜನ ಎದ್ದು ಹೋಗಿ ತಮ್ಮ ಅಮ್ಮನ ಚಾವಡಿಯ ಕ್ಯಾಮೆರಾದ ಪಾಸ್‌ವರ್ಡ್ ನೋಡಿದಿರಿ? ಅದೇ ವರ್ಷ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಸರಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ, ಒಳ್ಳೆಯದೇ. ಆದರೆ ನಿಮ್ಮ ಮಾಡಿನ ಕೆಳಗೆ ಐದು ವರ್ಷದಿಂದ ಜೇಡ ಬಲೆ ಕಟ್ಟಿಸಿಕೊಂಡು ಕೂತ ಕ್ಯಾಮೆರಾಕ್ಕೆ ಆ ಕಾನೂನು ಹೋಗಿ ಪಾಸ್‌ವರ್ಡ್ ಹಾಕಿ ಬರುವುದಿಲ್ಲ.

“ನಮ್ಮತ್ರ ಎಂತ ಉಂಟು ಭಾವ, ಹ್ಯಾಕ್ ಮಾಡ್ಲಿಕ್ಕೆ? ನಾಲ್ಕು ಮೂಟೆ ಚಾಲಿ ಅಡಿಕೆ, ಅಷ್ಟೆ.”

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ವಿನಯದ ಹಾಗೆ ಕಾಣುತ್ತದೆ, ಒಳಗೆ ಇರುವುದು ಸೋಮಾರಿತನ. ಯಾರೂ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ ಮಾರಾಯ್ರೆ. ಯಂತ್ರಗಳು ಇಡೀ ಇಂಟರ್‌ನೆಟ್ಟಿನ ಬಾಗಿಲುಗಳನ್ನು ಸಾಲಾಗಿ ತಟ್ಟುತ್ತಾ ಹೋಗುತ್ತವೆ. ತೆರೆದದ್ದರ ಒಳಗೆ ಹೋಗುತ್ತವೆ. 2016ರ ಮಿರಾಯ್ ಹತ್ತಿರ ಇದ್ದದ್ದು ಕಾರ್ಖಾನೆಯ ಯೂಸರ್‌ನೇಮ್ ಪಾಸ್‌ವರ್ಡುಗಳ 60ರಷ್ಟು ಜೋಡಿಯ ಒಂದು ಪಟ್ಟಿ. ಅಷ್ಟೇ ಬಂಡವಾಳದಲ್ಲಿ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಕೂಲಿಯಾಳು ಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಕೂಲಿಗಳ ಸೈನ್ಯ ಡಿನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ಗಳೇ ಗಂಟೆಗಟ್ಟಲೆ ಸಿಗದೆ ಹೋದವು. ಮಿರಾಯ್ ಬರೆದವರು ಯಾರು ಅಂತ ಕೊನೆಗೆ ಸಿಕ್ಕಿದರೆ, ಮೈನ್‌ಕ್ರಾಫ್ಟ್ ಆಟದ ಸರ್ವರ್ ವ್ಯಾಪಾರದ ಪೈಪೋಟಿಗೆ ಇಳಿದಿದ್ದ ಅಮೆರಿಕದ ಮೂವರು ಹುಡುಗರು. 2017ರ ಡಿಸೆಂಬರಿನಲ್ಲಿ ಅವರು ತಪ್ಪೊಪ್ಪಿಕೊಂಡದ್ದು ಪ್ರಕಟವಾಯಿತು. ಅವರಿಗೆ ಅಡಿಕೆ ಬೇಡ, ಡಬ್ಬಿ ಬೇಕಿತ್ತು.

ದುಡ್ಡು ಬೇಕಾದವರೂ ಇದ್ದಾರೆ. 2018ರಲ್ಲಿ ಘೋಸ್ಟ್‌ಡಿಎನ್‌ಎಸ್ ಎಂಬ ಹಗರಣ, ಹೆಚ್ಚಾಗಿ ಬ್ರೆಜಿಲ್‌ನಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ರೌಟರ್‌ಗಳಿಗೆ ನುಗ್ಗಿ ಒಂದೇ ಒಂದು ಸಾಲು ಬದಲಾಯಿಸಿತ್ತು. ಡಿಎನ್‌ಎಸ್ ವಿಳಾಸ. ಆಮೇಲೆ ಆ ಮನೆಯವರು ಬ್ಯಾಂಕಿನ ಹೆಸರು ಸರಿಯಾಗಿ ಟೈಪ್ ಮಾಡಿದರೂ ತೆರೆಯುವುದು ನಕಲಿ ಪುಟ. ಕಂಪ್ಯೂಟರಿನಲ್ಲಿ ಒಂದು ವೈರಸ್ಸೂ ಇಲ್ಲ, ಸ್ಕ್ಯಾನ್ ಮಾಡಿದರೆ ಎಲ್ಲ ಹಸಿರು. ಕ್ಯಾಂಪ್ಕೋಗೆ ಅಡಿಕೆ ಕೊಟ್ಟ ದುಡ್ಡು ಈಗ ಚೀಲದಲ್ಲಿ ಬರುವುದಿಲ್ಲ, ಖಾತೆಗೆ ಬರುತ್ತದೆ. “ನಮ್ಮತ್ರ ಎಂತ ಉಂಟು” ಅನ್ನುವವರು ಆ ಪಾಸ್‌ಬುಕ್ಕನ್ನೊಮ್ಮೆ ತೆರೆದು ನೋಡಲಿ.

ಹಾಗಾದರೆ ಆಯ್ಕೆ ಏನು? ಹೇಳದೆ ಬೈದರೆ ಪಾಪ ಬರುತ್ತದೆ. ಕಂಪ್ಯೂಟರಿನಲ್ಲಿ ವಿಂಡೋಸಿನದ್ದೇ ಫೈರ್‌ವಾಲ್ ಆನ್ ಇರಲಿ, ನೆಟ್‌ವರ್ಕ್ ‘ಪಬ್ಲಿಕ್’ ಅಂತಲೇ ಇರಲಿ, ಮನೆಯ ವೈಫೈ ಆದರೂ. ಪ್ರಿಂಟರ್ ಹಂಚಿಕೊಳ್ಳುವವರು ಮಾತ್ರ ‘ಪ್ರೈವೇಟ್’ ಮಾಡಿದರೆ ಸಾಕು. ಉಬುಂಟು ಹಾಕಿ ಬೀಗುವ ಗೆಳೆಯರೇ, ಅದರಲ್ಲಿ ಯುಎಫ್‌ಡಬ್ಲ್ಯು ಇರುತ್ತದೆ ಆದರೆ ಆಫ್ ಇರುತ್ತದೆ, ಒಮ್ಮೆ ಆನ್ ಮಾಡಿ ಆಮೇಲೆ ಬೀಗಿ. ಮ್ಯಾಕ್‌ನವರೂ ಒಮ್ಮೆ ಸೆಟ್ಟಿಂಗ್ ನೋಡಿಕೊಳ್ಳಿ. ಒಪಿಎನ್‌ಸೆನ್ಸ್, ಪಿಎಫ್‌ಸೆನ್ಸ್ ಅಂತ ಬೇರೆಯೇ ಪೆಟ್ಟಿಗೆ ಕಟ್ಟುವ ಉತ್ಸಾಹಿಗಳು ಉಂಟು, ಕಟ್ಟಲಿ, ಒಳ್ಳೆಯ ಹವ್ಯಾಸ. ಆದರೆ ನೀವು ಬೆಂಗಳೂರಿಗೆ ಹೋದ ಮೇಲೆ ಅದು ಕೆಟ್ಟರೆ ಅಪ್ಪ ಏನು ಮಾಡಬೇಕು?

ಹಳೆಯ ಕಂಪ್ಯೂಟರ್ ಇರುವವರಿಗೆ ಒಂದು ಮಾತು. ವಿಂಡೋಸ್ 7 ಹಾಕಿದ್ದು, ನುಡಿ, ಬರಹ ಹಾಕಿಕೊಂಡು ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಲೆಕ್ಕ ಬರೆಯುವ ಒಂದು ಪೆಟ್ಟಿಗೆ ಎಷ್ಟೋ ಮನೆಗಳಲ್ಲಿ ಉಂಟು. ಅದಕ್ಕೆ ರಿಪೇರಿ ಬರುವುದು ನಿಂತು ವರ್ಷಗಳಾದವು. ವಿಂಡೋಸ್ 10ಕ್ಕೂ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಯಂತ್ರಕ್ಕೆ ಯಾವ ಫೈರ್‌ವಾಲ್ ಹಾಕುವುದು ಅಂತ ಕೇಳಬೇಡಿ. ಅದರ ನೆಟ್ಟಿನ ವಯರು ಎಳೆದು ಹಾಕಿ. ಲೆಕ್ಕ ಬರೆಯಲು ನೆಟ್ಟು ಬೇಡ.

ಡಬ್ಬಿಯದ್ದು ಹೀಗೆ. ಬ್ರೌಸರಿನಲ್ಲಿ 192.168.1.1 ಹೊಡೆದು ನೋಡಿ, ಬಾರದಿದ್ದರೆ ಡಬ್ಬಿಯ ಹಿಂದಿನ ಚೀಟಿಯಲ್ಲಿ ವಿಳಾಸ ಇರುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ, ಇವೆರಡನ್ನು ಒಂದೇ ಅಂದುಕೊಂಡವರೇ ಹೆಚ್ಚು. ಹೊರಗಿನಿಂದ ಲಾಗಿನ್ ಆಗುವ ಸೌಲಭ್ಯ ಆಫ್ ಮಾಡಿ. ಯುಪಿಎನ್‌ಪಿ ಆಫ್, ಡಬ್ಲ್ಯುಪಿಎಸ್ ಆಫ್. ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ ಏನಾದರೂ ಬರೆದಿದ್ದರೆ, ಅದು ಯಾಕೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ, ಅಳಿಸಿ. ಐಪಿವಿ6 ಬರುವ ಕನೆಕ್ಷನ್ ಆದರೆ ಅದರ ಫೈರ್‌ವಾಲೂ ಆನ್ ಉಂಟಾ ನೋಡಿ, ಅಲ್ಲಿ ಮನೆಯ ಪ್ರತಿ ಸಾಮಾನಿಗೂ ಹೊರಗಿನವರಿಗೆ ಕಾಣುವ ವಿಳಾಸ ಸಿಗುತ್ತದೆ. ಕ್ಯಾಮೆರಾ, ಟಿವಿ ಎರಡನ್ನೂ ಗೆಸ್ಟ್ ವೈಫೈಗೆ ಹಾಕಿದರೆ ಅವು ಕೆಟ್ಟರೂ ಕಂಪ್ಯೂಟರಿನ ಕಡೆ ಕೈ ಚಾಚುವುದು ಕಷ್ಟ. ಕೆಲವು ಡಬ್ಬಿಗಳಲ್ಲಿ ಈ ಪುಟಗಳೇ ಗ್ರಾಹಕನಿಗೆ ತೆರೆಯುವುದಿಲ್ಲ. ಆಗ ಕನೆಕ್ಷನ್ ಕೊಟ್ಟವನಿಗೆ ಫೋನು ಮಾಡಿ ಜಗಳ ಆಡಿ. ದುಡ್ಡು ಕಟ್ಟುವವರು ನೀವು.

ಕ್ಯಾಮೆರಾ ದೂರದಿಂದ ನೋಡಲೇಬೇಕಾ? ತೂತು ಕೊರೆಯುವ ಬದಲು ಕಂಪನಿಯ ಆ್ಯಪಿನಲ್ಲಿ ನೋಡುವ ದಾರಿ ಉಂಟು, ಅದರಲ್ಲಿ ಡಿವಿಆರ್ ತಾನೇ ಹೊರಗೆ ಕರೆ ಮಾಡುತ್ತದೆ, ಬಾಗಿಲು ತೆರೆದಿಡಬೇಕಾಗಿಲ್ಲ. ಆದರೆ ಆಗ ಆ ಕಂಪನಿಯ ಸರ್ವರನ್ನು ನಂಬಿದ ಹಾಗಾಯಿತು. ಅಂಗಳಕ್ಕೆ ನಂಬುವ. ಚಾವಡಿ, ಮಲಗುವ ಕೋಣೆಗೆ ನಂಬಿಕೆಯ ಪ್ರಶ್ನೆಯೇ ಬೇಡ, ಅಲ್ಲಿ ಕ್ಯಾಮೆರಾ ಯಾಕೆ? ಅಮ್ಮ ಹೇಗಿದ್ದಾಳೆ ಅಂತ ತಿಳಿಯಬೇಕಾದರೆ ಫೋನು ಮಾಡಿ ಮಾತಾಡಿ. ವಿಪಿಎನ್ ಕಟ್ಟಲು ಬರುವವರು ಅದನ್ನೇ ಕಟ್ಟಿ, ಎಲ್ಲಕ್ಕಿಂತ ಒಳ್ಳೆಯದು.

ಇಷ್ಟು ಮಾಡಿದರೂ ಫೈರ್‌ವಾಲ್ ಅಂದರೆ ಹಂದಿಯ ಬೇಲಿ, ಮಂಗ ಮೇಲಿಂದಲೇ ಬರುತ್ತದೆ. ವಾಟ್ಸಾಪಿನಲ್ಲಿ ಮದುವೆ ಕಾಗದ ಅಂತ ಎಪಿಕೆ ಕಡತ ಬಂದು, ಅಪ್ಪ ಅದನ್ನು ಒತ್ತಿದರೆ, ಒಳಗಿನಿಂದಲೇ ಚಿಲಕ ತೆಗೆದ ಹಾಗೆ. ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವವನಿಗೆ ಪೋರ್ಟೂ ಬೇಡ, ತೂತೂ ಬೇಡ, ಒಂದು ಫೋನ್ ಕರೆ ಸಾಕು. ದುಡ್ಡು ಹೋಯಿತು ಅಂತಾದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನು ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟು ಬನ್ನಿ.

ಕೊನೆಗೆ ನಮ್ಮದೇ ಜಾತಿಯ ಮೇಲೆ ಒಂದು ದೂರು. ಬ್ಲಾಗಿಗರ ಜಾತಿ ಸ್ವಾಮಿ :-) ಊರಿನ ಮಳೆ, ಕುಮಾರಧಾರೆ, ಅಜ್ಜನ ಮನೆಯ ಉಪ್ಪಿನಕಾಯಿ ಭರಣಿ ಇದರ ಬಗ್ಗೆ ಎಷ್ಟು ಪುಟ ಬರೆದಿದ್ದೀರಿ ಲೆಕ್ಕ ಹಾಕಿ. ಬರೆದವರಲ್ಲಿ ಬಹಳಷ್ಟು ಮಂದಿಗೆ ಹಗಲು ಹೊತ್ತಿನ ಕೆಲಸವೇ ನೆಟ್‌ವರ್ಕು, ಸರ್ವರು, ಸೆಕ್ಯುರಿಟಿ. ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ನೂರು ಪುಟದ ನಿಯಮಾವಳಿ ಬರೆಯುವವರು, ನಿಮ್ಮೂರಿನ ಆಪರೇಟರ್ ಕೊಡುವ ಅದೇ ಡಬ್ಬಿಯ ಅದೇ ಪುಟಗಳ ಚಿತ್ರ ಹಾಕಿ, ಎಲ್ಲಿ ಒತ್ತಬೇಕು ಅಂತ ಕನ್ನಡದಲ್ಲಿ ಒಂದು ಪುಟ ಬರೆದಿದ್ದೀರಾ? ಅದನ್ನು ಅಚ್ಚು ಹಾಕಿಸಿ ಡಬ್ಬಿಯ ಪಕ್ಕ ಅಂಟಿಸಿದರೆ ಸಿಡಿಲಿನ ಮರುದಿನ ಅಪ್ಪನೋ, ಪಿಯುಸಿ ಓದುವ ಪಕ್ಕದ ಮನೆ ಹುಡುಗಿಯೋ ಹತ್ತು ನಿಮಿಷದಲ್ಲಿ ಮಾಡಿ ಮುಗಿಸುತ್ತಾರೆ.

ಚೌತಿಗೆ ಹೇಗೂ ಊರಿಗೆ ಬರುತ್ತೀರಿ. ಕಡುಬು ತಿಂದು ಮಲಗುವ ಮೊದಲು ಅರ್ಧ ಗಂಟೆ ಅದಕ್ಕೆ ಕೊಡಿ. ಹೊಸ ಪಾಸ್‌ವರ್ಡನ್ನು ಕಾಗದದಲ್ಲೇ ಬರೆದು, ಕಪಾಟಿನಲ್ಲಿ ತೋಟದ ಆರ್‌ಟಿಸಿ ಇಟ್ಟ ಫೈಲಿನಲ್ಲಿ ಇಡಿ. ಆ ಫೈಲು ಮಾತ್ರ ನಮ್ಮ ಕಡೆ ಯಾರ ಮನೆಯಲ್ಲೂ ಕಾಣೆಯಾಗುವುದಿಲ್ಲ.